ಒಂಟಿಯಾಗಿ ಉಣ್ಣದ ಮೊಲ

ಮೊಲದ ವಿಷಯದಲ್ಲಿ ನನ್ನ ಸೋದರಮಾವನಷ್ಟು ತಿಳಿದವರು ಇಡೀ ಥಾಣೆ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಹೀಗೆಂದು ಹೇಳಿದವರು ಯಾರು? ಅವರೇ! ನಮ್ಮ ಮನೆಗೆ ಒಂದನ್ನು ತರುವವರೆಗೆ ಅವರು ಮೊಲವನ್ನು ನೋಡಿದ್ದು ಒಂದನೇ ತರಗತಿಯ ಪುಸ್ತಕದಲ್ಲಿ ಮಾತ್ರ ಎಂದು ನನ್ನ ಅನುಮಾನ.

ಮಾಮ ತುರ್ಭೆಯ ಒಂದು ಹೋಟೆಲಿನಲ್ಲಿ ಅಡುಗೆಯವರು. ಉಡುಪಿ ಕಡೆಯಿಂದ ಬಂದು ಮೂವತ್ತು ವರ್ಷ ದೋಸೆಕಲ್ಲಿನ ಮುಂದೆಯೇ ಕಳೆದ ಒಂಟಿ ಜೀವ. ವಾಸ ಡೊಂಬಿವಲಿಯ ಒಂದು ಕೋಣೆಯಲ್ಲಿ. ಅಮ್ಮ ತೀರಿಕೊಂಡು ತಿಂಗಳಾದರೂ ನಾನು ಘಣಸೋಲಿಯ ನಮ್ಮ ಮನೆಯಲ್ಲಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅನ್ನದ ತಟ್ಟೆಯನ್ನು ಮುಟ್ಟದೆ ಆಚೆ ಸರಿಸುತ್ತಿದ್ದೆ. ನಮ್ಮ ಯಜಮಾನರು ಗೋಗರೆದರು, ಗದರಿದರು, ಕೊನೆಗೆ ಕೈಚೆಲ್ಲಿದರು. ಅಂಥ ಒಂದು ಮಧ್ಯಾಹ್ನ ಮಾಮ ಟೊಮೆಟೊ ಕ್ರೇಟು ಹೊತ್ತು ಬಂದರು. ಒಳಗೆ ಬಿಳಿ ಮೊಲ.

"ಹೋಟೆಲಿನ ಮಾಲಕರ ಮಕ್ಕಳಿಗೆ ಬೇಡವಂತೆ. ನನ್ನ ಒಂದು ಕೋಣೆಯ ಖೋಲಿಯಲ್ಲಿ ಎಲ್ಲಿಡುದು ಮಾರಾಯ್ತಿ? ನೀನೇ ನೋಡಿಕೋ," ಎಂದರು. ಆಮೇಲೆ ನೆಲದ ಮೇಲೆ ಕ್ರೇಟು ಇಟ್ಟು, ಬಹಳ ಗಂಭೀರವಾಗಿ ಸೇರಿಸಿದರು: "ಒಂದು ವಿಷಯ ಉಂಟು. ಇದು ಒಂಟಿಯಾಗಿ ತಿನ್ನುದಿಲ್ಲ. ಪಕ್ಕದಲ್ಲಿ ಒಬ್ಬರು ಕೂತು ತಿನ್ನಬೇಕು. ಅವರು ನಿಲ್ಲಿಸಿದರೆ ಇದೂ ನಿಲ್ಲಿಸ್ತದೆ. ಒಂದು ದಿನ ಪೂರಾ ತಿನ್ನದಿದ್ರೆ ಸತ್ತೇ ಹೋಗ್ತದೆ."

ಮನೆಯಲ್ಲಿ ಇನ್ನೊಂದು ಸಾವೇ? ನಾನು ಗಾಬರಿಯಿಂದ ಎದ್ದು ಕೂತೆ. ಮಾಮ ಮೊಲದ ಮುಂದೆ ಕೊತ್ತಂಬರಿ ದಂಟು ಇಟ್ಟರು, ನನ್ನ ಮುಂದೆ ಡಬ್ಬಿ ಬಿಚ್ಚಿ ಬನ್ಸ್ ಇಟ್ಟರು. ನಾನು ಒಂದು ಚೂರು ಮುರಿದೆ. ಮೊಲ ಒಂದು ದಂಟು ಕಡಿಯಿತು.

"ನೋಡಿದ್ಯಾ?" ಎಂದರು ಮಾಮ.

ಅಂದಿನಿಂದ ದಿನಾ ಮಧ್ಯಾಹ್ನ ಮೂರೂವರೆಗೆ ಸರಿಯಾಗಿ ಬಾಗಿಲ ಬೆಲ್ಲು. ಊಟದ ಗದ್ದಲ ಮುಗಿಸಿ, ತುರ್ಭೆಯಲ್ಲಿ ರೈಲು ಹತ್ತಿ, ನಮ್ಮಲ್ಲಿ ಇಳಿದು, ನಮ್ಮ ಮುಖವನ್ನೂ ನೋಡದೆ ನೇರ ಮೊಲವಿದ್ದ ಬಾಲ್ಕನಿಗೆ ನಡೆಯುವರು. ದಿನಕ್ಕೊಂದು ಹೊಸ ಕಾನೂನು! ಮೊಲಕ್ಕೆ ಬೆಳಗಿನ ಬಿಸಿಲು ಬೇಕು. ಆದರೆ ಹದ್ದಿನ ಭಯವಿರುವುದರಿಂದ ಟೆರೇಸಿನಲ್ಲಿ ಅರ್ಧ ಗಂಟೆ ಯಾರಾದರೂ ಜೊತೆಗಿರಬೇಕು. ಮೊಲದ ಹತ್ತಿರ ದಿನಾ ನಾಲ್ಕು ಮಾತಾಡಬೇಕು. ಇಲ್ಲವಾದರೆ ಕಿವಿ ಜೋತು ಬೀಳುತ್ತದೆ. ಏನು ಮಾತಾಡುವುದು? "ನಿನ್ನ ಅಮ್ಮನ ವಿಷಯ ಹೇಳು. ಅದಕ್ಕೆಂತ, ಕೇಳ್ತದೆ," ಎಂದರು.

"ಇದು ಮೊಲವೋ, ಮನೆಯ ಅಳಿಯನೋ?" ಎಂದು ನಮ್ಮವರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಮದುವೆಯಾದ ಹೊಸದರಲ್ಲೂ ಅವರಿಗೆ ಇಷ್ಟು ಉಪಚಾರ ಸಿಕ್ಕಿರಲಿಲ್ಲ.

ಹುಲ್ಲಿನ ಪ್ರಸಂಗವನ್ನಂತೂ ಹೇಳಲೇಬೇಕು. ಕಲ್ಯಾಣದ ತಬೇಲಾದ ಎಮ್ಮೆ ಕೊಟ್ಟಿಗೆಯಿಂದ ಒಂದು ಹೊರೆ ಒಣಹುಲ್ಲು ಹೊತ್ತು ಮಾಮ ಲೋಕಲ್ ರೈಲು ಹತ್ತಿದರಂತೆ. ಮೂವತ್ತು ವರ್ಷ ಆ ಗಾಡಿಯಲ್ಲಿ ಜೋತಾಡಿದ ಮನುಷ್ಯನಿಗೆ ಅಂದು ಮೊದಲ ಸಲ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಕ್ಕಪಕ್ಕ ಯಾರೂ ಕೂರಲಿಲ್ಲ, ಅಷ್ಟೇ! ಇನ್ನೊಂದು ಸಲ ಮೊಲ ಟೆಲಿಫೋನ್ ವೈರು ಕಡಿದು ಎರಡು ತುಂಡು ಮಾಡಿತು. ಮಾಮ ಮೊಲವನ್ನು ಬೈಯಲಿಲ್ಲ, ನನ್ನನ್ನು ಬೈದರು: "ಹಸಿವಾಗಿ ಕಡಿದದ್ದು ಅದು. ನಿನ್ನೆ ನೀನು ಸರಿಯಾಗಿ ಊಟ ಮಾಡಲಿಲ್ಲವಾ?" ನಿಜಕ್ಕೂ ಮಾಡಿರಲಿಲ್ಲ. ಅವರಿಗೆ ಹೇಗೆ ಗೊತ್ತಾಯಿತೋ!

ಮೂರು ತಿಂಗಳ ನಂತರ ಉಗುರು ಕತ್ತರಿಸಲು ಮೊಲವನ್ನು ವಾಶಿಯ ಪಶುವೈದ್ಯೆಯ ಬಳಿ ಒಯ್ದೆ. ನಾನು ಮೊಲದ ಪಕ್ಕ ಕೂತು ಉಣ್ಣುವುದು, ಕಿವಿ ಬೀಳದಂತೆ ಮಾತಾಡುವುದು, ಎಲ್ಲವನ್ನೂ ಹೆಮ್ಮೆಯಿಂದ ವಿವರಿಸಿದೆ. ಆಕೆ ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಹೇ ಕೋಣೀ ಸಾಂಗಿತ್ಲಂ ತುಮ್ಹಾಲಾ?"

ಇದನ್ನು ನಿಮಗೆ ಯಾರು ಹೇಳಿದರೆಂದು ಮರಾಠಿಯಲ್ಲಿ ಕೇಳಿದರೆ ಏನು ಹೇಳಲಿ? ಹುಲ್ಲು ಹಾಕಿದರೆ ಮೊಲ ತಾನಾಗಿ ತಿನ್ನುತ್ತದೆ, ಯಾರೂ ಪಕ್ಕದಲ್ಲಿ ಕೂರಬೇಕಿಲ್ಲ ಎಂದು ಆಕೆ ನಕ್ಕರು. ದಿನವಿಡೀ ಉಪವಾಸ ಬಿದ್ದರೆ ಅದರ ಜೀವಕ್ಕೆ ಅಪಾಯ, ಅದೊಂದು ಮಾತ್ರ ನಿಜವಂತೆ. ರಿಕ್ಷಾದಲ್ಲಿ ಮೊಲವನ್ನು ಮಡಿಲಲ್ಲಿಟ್ಟುಕೊಂಡು ವಾಪಸು ಬರುವಾಗ ನನಗೆ ಎಲ್ಲವೂ ಅರ್ಥವಾಯಿತು. ಬಿಸಿಲು ಬೇಕಾಗಿದ್ದು ಯಾರಿಗೆ, ಮಾತು ಬೇಕಾಗಿದ್ದು ಯಾರಿಗೆ! ಸಮಾಧಾನದ ಒಂದು ಮಾತನ್ನೂ ಆಡದೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ ಮನುಷ್ಯ ನನ್ನ ಮಾಮ ಎಂದು ಅಳು ಬಂತು, ನಗುವೂ ಬಂತು.

ಮೂರೂವರೆಗೆ ಬೆಲ್ಲು. ಅವತ್ತು ಮೊದಲ ಬಾರಿಗೆ ನಾನು ಅವರನ್ನು ಸರಿಯಾಗಿ ನೋಡಿದೆ. ಅಂಗಿ ಹೆಗಲಿನಿಂದ ಜಾರುತ್ತಿತ್ತು. ಕೆನ್ನೆ ಒಳಗೆ ಹೋಗಿತ್ತು. ನನಗೆ ಅಮ್ಮ ಹೋದಳು, ಸರಿ. ಇವರಿಗೂ ಎತ್ತಿ ಆಡಿಸಿದ ಅಕ್ಕ ಹೋಗಿದ್ದಳಲ್ಲ? ಅವರನ್ನು ಯಾರು ಕೇಳಿದರು?

"ಮಾಮ, ಡಾಕ್ಟರಮ್ಮ ಹೊಸದೊಂದು ಹೇಳಿದರು. ಮೊಲ ದೊಡ್ಡದಾಯಿತಂತೆ. ಇನ್ನು ಪಕ್ಕದಲ್ಲಿ ಒಬ್ಬರು ಉಂಡರೆ ಸಾಲದಂತೆ, ಇಬ್ಬರು ಬೇಕಂತೆ."

ಮಾಮ ನನ್ನ ಮುಖ ನೋಡಿದರು.

"ಹೌದಾ? ಡಾಕ್ಟ್ರು ಹೇಳಿದ ಮೇಲೆ ಎಂತ ಮಾಡುದು," ಎಂದು ಚಪ್ಪಲಿ ಬಿಟ್ಟು, ಮೊಲದ ಆ ಪಕ್ಕ ನೆಲದ ಮೇಲೆ ಕೂತರು. ನಾನು ಅನ್ನ, ಸಾರು ಬಡಿಸಿದೆ. ಎರಡನೇ ತುತ್ತಿಗೆ ಅವರ ಕೈ ನಿಂತಿತು.

"ಅಕ್ಕ ಹೋದ ಮೇಲೆ ಇವತ್ತೇ ಮಗಾ, ನಾನು ಕೂತು ಉಣ್ಣುದು," ಎಂದರು.

ನಾನು ಇನ್ನೊಂದು ಸೌಟು ಅನ್ನ ಹಾಕಿದೆ. ಬೇಡವೆನ್ನಲಿಲ್ಲ.