ಹಣಮಂತರಾಯರ ರೈಫಲ್ಲು

ಜಗಳಕ್ಕೆ ಕಾರಣ ಒಂದು ಚಿಕ್ಕ ಕೋಣೆ. ಸಿಕಂದರಾಬಾದಿನ ಹತ್ತಿರದ ಮಲ್ಕಾಜ್‌ಗಿರಿಯ ಆ ಬಾಡಿಗೆ ಮನೆಯಲ್ಲಿ ಹಾಲ್, ಅಡುಗೆಮನೆ ಬಿಟ್ಟರೆ ಇದ್ದದ್ದು ಅದೊಂದೇ. ಅದರ ತುಂಬ, ಎಂದೋ ಮುಚ್ಚಿಹೋದ 'ಮಿಸ್ತ್ರಿ ಅಂಡ್ ಫೆಲ್ಟನ್ ರೈಫಲ್ ಕಂಪನಿ'ಯ ಚರಿತ್ರೆ ಕಾಲು ಚಾಚಿಕೊಂಡು ಬಿದ್ದಿತ್ತು. ಹಗಲೆಲ್ಲ ಸಾಫ್ಟ್‌ವೇರ್ ಕಂಪನಿಯಲ್ಲಿ ಬೇರೆಯವರ ತಪ್ಪು ಹುಡುಕುವ ಕಲ್ಲೇಶ ಮನೆಗೆ ಬಂದರೆ ಈ ಕಂಪನಿಯನ್ನು ಹುಡುಕುತ್ತಿದ್ದ. ಯಾಕಪ್ಪಾ ಎಂದರೆ ಅವನಿಗೂ ಗೊತ್ತಿಲ್ಲ. ಕೆಲವರಿಗೆ ಕ್ರಿಕೆಟ್ಟು, ಕೆಲವರಿಗೆ ಇಸ್ಪೀಟು, ಇವನಿಗೆ ಇದು.

"ಸಂಜೀ ಗಾಡಿಗೆ ನನ್ನ ತಮ್ಮ ವಿಠಲ ಬರಾಕತ್ತಾನ," ಎಂದಳು ಹೆಂಡತಿ ಶಿವದೇವಿ. "ಅಮೀರ್‌ಪೇಟಿನ್ಯಾಗ ಜಾವಾ ಕಲಿಯೋ ಹುಡುಗ ನಿಮ್ಮ ರದ್ದಿ ಮ್ಯಾಲೆ ಮಲಗಬೇಕೇನು?"

"ಅದು ರದ್ದಿ ಅಲ್ಲ, ಸಂಶೋಧನಾ!"

"ಸುಡುಗಾಡು ಸಂಶೋಧನಾ! ಆ ಕಂಪನೀದು ಒಂದರ ಬಂದೂಕ ಕಣ್ಣಿಲೆ ನೋಡೀರೇನು?"

ಮಾತು ಸರಿಯಾಗಿ ತಾಗಿತು. ಸಿಕಂದರಾಬಾದಿನಲ್ಲಿ ಆ ಕಂಪನಿ ಇದ್ದದ್ದಕ್ಕೆ ಜಾಹೀರಾತು ಸಿಕ್ಕಿತ್ತು, ಕಾರ್ಖಾನೆಯ ಮಸಕು ಫೋಟೋ ಸಿಕ್ಕಿತ್ತು. ಕಂಪನಿಯ ಗುರುತಾದ ಜಿಂಕೆಯ ತಲೆಯ ಮುದ್ರೆ ಇರುವ ರೈಫಲ್ ಮಾತ್ರ ಸಿಕ್ಕಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಪರಿಚಯವಾದ ಬಂದೂಕಿನ ಹುಚ್ಚರೂ, ಅದು ಬರೀ ಬೋರ್ಡು ಹಾಕಿಕೊಂಡ ಕಂಪನಿ ಎಂದು ನಕ್ಕುಬಿಟ್ಟಿದ್ದರು.

"ಸಂಜೀ ಒಳಗ ಮುದ್ರಿ ತೋರಸ್ರಿ, ಕೋಣಿ ನಿಮ್ಮದು. ವಿಠಲ ಹಾಸ್ಟೆಲ್‌ಗೆ ಹೋಗ್ತಾನ. ಇಲ್ಲಂದ್ರ ಎಲ್ಲಾ ರದ್ದಿಯವಗ," ಎಂದು ಶಿವದೇವಿ ತೀರ್ಪು ಕೊಟ್ಟಳು.

ಅದೃಷ್ಟಕ್ಕೆ ಅಂದು ಖಂಡೇಪೂಜೆ, ಅಂದರೆ ಆಯುಧಪೂಜೆ. ಓಣಿಯ ಕೊನೆಯಲ್ಲಿದ್ದ ನಿವೃತ್ತ ರೈಲ್ವೆ ಗಾರ್ಡ್ ಹಣಮಂತರಾಯರ ಮನೆಯಲ್ಲಿ ಅವರ ತಂದೆಯ ಕಾಲದ ರೈಫಲ್ ಇತ್ತು. "ಮಿಸ್ತ್ರಿ ಫೆಲ್ಟನ್ನಂದೇ! ನಮ್ಮಪ್ಪ ಇದರಿಂದ ಚಿರತಿ ಹೊಡೆದಾನ" ಎಂದು ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ವರ್ಷವಿಡೀ ಟ್ರಂಕಿನಲ್ಲಿರುವ ಅದು ಖಂಡೇಪೂಜೆಗೆ ಮಾತ್ರ ಹೊರಗೆ ಬರುತ್ತಿತ್ತು. ಆಗಲೂ ಮಡಿಯಲ್ಲಿ ಮುಟ್ಟುವವರು ಅವರೊಬ್ಬರೇ, ಉಳಿದವರು ಹೊಸ್ತಿಲಾಚೆಯಿಂದ ಕೈ ಮುಗಿಯಬೇಕು.

ಗೆಳೆಯನಿಂದ ಬೇಡಿ ತಂದ ಡಿಜಿಟಲ್ ಕ್ಯಾಮೆರಾ ಹಿಡಿದು ಕಲ್ಲೇಶ ಹೊರಟ. ಎದುರು ಮನೆಯ ಅಂಬಣ್ಣ ದಾರಿಯಲ್ಲೇ ಅಡ್ಡ ಹಾಕಿದ.

"ಕಲ್ಲೇಶಪ್ಪಾ, ಸ್ಕೂಟರ್ ಪೂಜಿ ಆತು. ನಿಂಬಿಹಣ್ಣಿನ ಮ್ಯಾಲೆ ಒಂದೀಟು ದಬ್ಬು ಮಾರಾಯಾ. ಹಂಗ ನನ್ನ ಅಳಿಯಗ ನಿನ್ನ ಕಂಪನ್ಯಾಗ ಒಂದು ನೌಕರಿ ನೋಡು."

ಕಲ್ಲೇಶ ಕ್ಯಾಮೆರಾವನ್ನು ಪಕ್ಕದ ಮನೆಯ ಬಂಡೆಮ್ಮನ ಕಟ್ಟೆಯ ಮೇಲಿಟ್ಟು ಸ್ಕೂಟರ್ ದಬ್ಬಿದ. ತಿರುಗಿ ನೋಡಿದರೆ ಬಂಡೆಮ್ಮ ಹೊಲಿಗೆ ಮಷಿನ್, ಮಿಕ್ಸರ್, ಈಳಿಗೆಗಳ ಸಾಲಿನಲ್ಲಿ ಕ್ಯಾಮೆರಾವನ್ನೂ ಕೂರಿಸಿ, ಅದರ ಗಾಜಿನ ಕಣ್ಣಿಗೇ ಎಣ್ಣೆಯಲ್ಲಿ ಕಲಸಿದ ಕುಂಕುಮ ಮೆತ್ತಿದ್ದಳು.

"ಅಯ್ಯಯ್ಯೋ! ಏನ್ ಮಾಡಿದ್ರಿ?"

"ಪೂಜಿ ಮಾಡಿದೆ. ಅದೂ ಆಯುಧ ಅಲ್ಲೇನು? ನಾಳಿ ತನಕಾ ಮುಟ್ಟಬ್ಯಾಡ್ರಿ, ಪಾಪ ಹತ್ತತೈತಿ."

ಪಾಪದ ಮಾತು ಹಾಗಿರಲಿ, ಎಷ್ಟು ಒರೆಸಿದರೂ ಕ್ಯಾಮೆರಾ ಕಣ್ಣೇ ತೆರೆಯಲಿಲ್ಲ. ಕಲ್ಲೇಶ ಇನ್ನೊಂದು ಉಪಾಯ ಮಾಡಿದ. ಮುದ್ರೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಜಿಂಕೆ ತಾನಾಗಿ ಮೂಡುತ್ತದಲ್ಲ!

ಉಪಾಯ ಕೇಳಿ ಹಣಮಂತರಾಯರ ಮುಖ ಇಳಿಯಿತು. "ಮುಟ್ಟಬೇಕಂದ್ರ ಮಡಿ ಆಗಬೇಕಾಕ್ಕೈತಿ. ಅದೂ ತಣ್ಣೀರು."

"ಆಗ್ತೀನ್ರಿ."

ಅಂಗಳದಲ್ಲಿ ಕಲ್ಲೇಶನ ಸ್ನಾನ ನೋಡಲು ಓಣಿಗೆ ಓಣಿಯೇ ಸೇರಿತು. ಉತ್ಸಾಹ ತಡೆಯದೆ ಅಂಬಣ್ಣ ತಾನೂ ಒಂದು ಬಕೆಟ್ ಅವನ ತಲೆಗೆ ಸುರಿದ. ಒದ್ದೆ ಪಂಚೆಯಲ್ಲಿ ಕಲ್ಲೇಶ ಗಡಗಡ ನಡುಗುತ್ತ ನಿಂತ.

"ಈಗ ರಾಹುಕಾಲ ಐತಿ," ಎಂದರು ಹಣಮಂತರಾಯರು.

"ರಾಹುಕಾಲ ಯಾವಾಗೋ ಮುಗೀತ್ರಿ!" ಎಂದಳು ಬಂಡೆಮ್ಮ. "ತೋರಸ್ರಿ, ತೋರಸ್ರಿ" ಎಂದು ಮಂದಿ ಕೂಗಿದರು. ಗಾರ್ಡ್ ಸಾಹೇಬರಿಗೆ ಬೇರೆ ದಾರಿ ಉಳಿಯಲಿಲ್ಲ.

ಒಳಗೆ ಚೆಂಡುಹೂವಿನ ರಾಶಿ ಸರಿಸಿ ಕಲ್ಲೇಶ ಕಾಗದವಿಟ್ಟ, ಉಜ್ಜಿದ. ಜಿಂಕೆ ಮೂಡಲಿಲ್ಲ. ಇನ್ನಷ್ಟು ಒತ್ತಿದ. ಪೆನ್ಸಿಲ್ ಕಾಗದ ಹರಿದು ರೈಫಲ್ಲಿನ ಒಳಗೇ ಇಳಿಯಿತು, ತೂತಿನಿಂದ ಗೆದ್ದಲಿನ ಪುಡಿ ಸುರಿಯಿತು. ಹಿಡಿ, ನಳಿಗೆ, ಟ್ರಿಗರ್ ಎಲ್ಲವೂ ಕರಿಬಣ್ಣ ಬಳಿದ ಶುದ್ಧ ಕಟ್ಟಿಗೆ!

ಹಣಮಂತರಾಯರು ದಡಕ್ಕನೆ ಬಾಗಿಲು ಮುಚ್ಚಿದರು.

"ಸಣ್ಣಗೆ ಮಾತಾಡ್ರಿ ಯಪ್ಪಾ! ಖರೇ ಬಂದೂಕ ನಮ್ಮಪ್ಪ ಯಾವ ಕಾಲಕ್ಕೋ ಸರಕಾರಕ್ಕ ಒಪ್ಪಿಸಿಬಿಟ್ಟ. ಮುಂದ ಖಂಡೇಪೂಜಿ ಬಂತು, ಮಂದಿ ನೋಡಾಕ ಬಂದ್ರು. ಬಡಿಗ್ಯಾನ ಕಡಿಂದ ಇದನ್ನ ಮಾಡಿಸಿದ. ಅವ ಹೋದಮ್ಯಾಲೆ ಈ ಸುಳ್ಳು ನನ್ನ ಕೊರಳಿಗೆ ಬಿತ್ತು. ನಿಮ್ಮ ಕಾಲಿಗೆ ಬೀಳ್ತೀನಿ, ಹೊರಗ ಹೇಳಬ್ಯಾಡ್ರಿ."

ಮುದುಕರು ನಿಜವಾಗಿಯೂ ಕಾಲಿಗೆ ಬಗ್ಗಿದರು. ಕಲ್ಲೇಶನಿಗೆ ಅಯ್ಯೋ ಅನ್ನಿಸಿತು.

"ಹೇಳೂದಿಲ್ರಿ. ಆದ್ರ ನನ್ನ ಕೋಣಿ ಹೋತಲ್ರಿ!" ಎಂದು ಶಿವದೇವಿಯ ಷರತ್ತನ್ನು ವಿವರಿಸಿದ.

"ಇಷ್ಟ ಹೌದಲ್ರಿ? ಅದನ್ನ ನನಗ ಬಿಡ್ರಿ," ಎಂದು ಹಣಮಂತರಾಯರು ಕಣ್ಣೊರೆಸಿಕೊಂಡು ಬಾಗಿಲು ತೆರೆದರು.

"ಮುದ್ರಿ ಸಿಕ್ತು! ಜಿಂಕಿ ಮುದ್ರಿ! ನಾನ ಸಾಕ್ಷಿ!"

ಓಣಿ ಚಪ್ಪಾಳೆ ತಟ್ಟಿತು. ಗುಂಪಿನಲ್ಲಿದ್ದ ಶಿವದೇವಿ ಹೆಮ್ಮೆಯಿಂದ ಉಬ್ಬಿಹೋದಳು. "ನಾ ಸೋತೆ. ಕೋಣಿ ನಿಮ್ಮದ," ಎಂದು ಎಲ್ಲರೆದುರಿಗೇ ಒಪ್ಪಿಕೊಂಡಳು. ಕಲ್ಲೇಶನಿಗೆ ಚಳಿಯೇ ಮರೆತುಹೋಯಿತು.

ಹಣಮಂತರಾಯರ ಭಾಷಣ ಇನ್ನೂ ಮುಗಿದಿರಲಿಲ್ಲ. "ನನಗ ವಯಸ್ಸಾತು. ಇದರ ಬೆಲಿ ತಿಳಿದವ್ರು ಕಲ್ಲೇಶಪ್ಪ ಒಬ್ಬರ. ಇವತ್ತಿನಿಂದ ಈ ಬಂದೂಕ ಅವರ ಮನ್ಯಾಗ ಪೂಜಿ ಆಗ್ಲಿ!" ಎಂದು ಹೂವಿನ ಸಮೇತ ರೈಫಲ್ಲನ್ನು ಕಲ್ಲೇಶನ ತೋಳಿನ ಮೇಲೆ ಇಟ್ಟೇಬಿಟ್ಟರು. ಕೊನೆಯ ಸ್ಟೇಷನ್ನಿನಲ್ಲಿ ಹಸಿರು ಬಾವುಟ ಸುತ್ತಿಟ್ಟ ಗಾರ್ಡಿನಂತೆ ಅವರು ಹಗುರಾಗಿ ನಕ್ಕರು.

ಸಂಜೆ ವಿಠಲ ಬಂದಾಗ ಮಿಸ್ತ್ರಿ ಅಂಡ್ ಫೆಲ್ಟನ್ ಕಂಪನಿಯ ಸಮಸ್ತ ಚರಿತ್ರೆಯೂ ಗೇಟಿನ ಹೊರಗೆ ರದ್ದಿಯವನ ತಳ್ಳುಗಾಡಿ ಏರುತ್ತಿತ್ತು. ಶಿವದೇವಿ ಕೋಣೆ ತೊಳೆದು, ರಂಗೋಲಿ ಬಿಟ್ಟು, ನಡುವೆ ಮಣೆಯ ಮೇಲೆ ರೈಫಲ್ಲನ್ನು ಕೂರಿಸಿದ್ದಳು.

"ಕೋಣಿ ನಂದು ಅಂದಿದ್ದಿ ಅಲ್ಲೇನು!" ಎಂದು ಕಲ್ಲೇಶ ಗೋಗರೆದ.

"ನಿಮ್ಮದ ರೀ. ನಿಮ್ಮ ಬಂದೂಕ ಅಲ್ಲೇನು ಕುಂತದ್ದು? ಮಡಿ ಕೋಣ್ಯಾಗ ರದ್ದಿ ಇಡಬಾರದು. ಇನ್ನ ಹಾಸ್ಟೆಲ್ ರೊಕ್ಕ ಯಾಕ? ವಿಠಲ ನಿಮ್ಮ ಮಂಚದ ಮ್ಯಾಲೆ ಮಲಗ್ತಾನ, ನೀವು ಅಡಗಿಮನ್ಯಾಗ ಮಲಗ್ರಿ. ಮುಂಜಾನೆದ್ದು ತಣ್ಣೀರ ಸ್ನಾನ ಮಾಡಿ ಪೂಜಿ ನೀವ ಮಾಡಬೇಕು."

ಅಷ್ಟರಲ್ಲಿ ಆರತಿ ತಟ್ಟೆ ಹಿಡಿದು ಬಂಡೆಮ್ಮ, ಅವಳ ಹಿಂದೆ ಇಡೀ ಓಣಿ. "ಕಲ್ಲೇಶಪ್ಪಾರ, ದರ್ಶನಕ್ಕ ಬಂದೇವ್ರಿ. ಬಂದೂಕಿನ ಚರಿತ್ರಾ ಒಂದೀಟು ಹೇಳ್ರಿ."

ಕಲ್ಲೇಶ ಹಣಮಂತರಾಯರ ಕಡೆ ನೋಡಿದ. ಅವರು ಹೊಸ್ತಿಲಾಚೆ ನಿಂತು ಭಕ್ತಿಯಿಂದ ಕೈ ಮುಗಿದಿದ್ದರು. ಅವನು ಎರಡು ಸಲ ಸೀನಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ: "ಇದು ಮಿಸ್ತ್ರಿ ಅಂಡ್ ಫೆಲ್ಟನ್ನಂದೇ ನೋಡ್ರಿ. ಇದರಿಂದ ಎರಡು ಚಿರತಿ ಹೊಡೆದಾರ..."