ತೆಳು ಲ್ಯಾಪ್‌ಟಾಪಿನ ನೆಂಟರು

ಚೀಲದ ಪಟ್ಟಿ ಕಿತ್ತದ್ದು ಸರಿಯಾಗಿ ಇಳಿಜಾರಿನ ನಡುವೆ. ಎಲೋಯ್ ತಾರ್ಕಿನೊ ಮೇಷ್ಟ್ರ ಹೆಗಲಿನಿಂದ ಜಾರಿದ ಲ್ಯಾಪ್‌ಟಾಪು ಕಲ್ಲುಹಾಸಿಗೆ ಬಿದ್ದು, ಗಂಟೆ ಹೊಡೆದ ಮೇಲೆ ಶಾಲೆಯಿಂದ ಓಡುವ ಹುಡುಗನಂತೆ ಕೆಳಗೆ ನುಗ್ಗಿ, ದೋನ್ಯಾ ಬಾಸಿಲಿಯಾರ ಆಲೂಗಡ್ಡೆ ರಾಶಿಗೆ ಗುದ್ದಿಕೊಂಡು ನಿಂತಿತು. ಲಾ ಪಾಸ್‌ನಲ್ಲಿ ಮಟ್ಟಸವಾದ ಜಾಗ ಅಂತ ಇರುವುದು ಎರಡೇ: ಫುಟ್‌ಬಾಲ್ ಮೈದಾನ, ಮತ್ತೆ ಸ್ಮಶಾನ. ಉಳಿದದ್ದೆಲ್ಲ ಏರು, ಇಲ್ಲವೇ ಜಾರು.

"ಪ್ರೊಫೆ, ಇದು ಕಂಪ್ಯೂಟರೋ ಬೀಸೋ ಕಲ್ಲೋ? ನನ್ನ ಆಲೂಗಡ್ಡೆ ಜಜ್ಜಿಹೋದ್ವಲ್ರೀ!" ಎಂದರು ಬಾಸಿಲಿಯಾ. ಬೆಳಗ್ಗೆ ಬೀದಿಯಲ್ಲಿ ತರಕಾರಿ ಮಾರುವ ಈಕೆಯೇ ಎಲೋಯ್‌ಗೆ ಕೋಣೆ ಬಾಡಿಗೆಗೆ ಕೊಟ್ಟವರು. ಹಾಗಾಗಿ ಗದರುವ ಹಕ್ಕು ಎರಡು ಪಟ್ಟು.

ಎಲೋಯ್ ಓಡಿ ಬಂದು ಮುಚ್ಚಳ ತೆರೆದ. ಪರದೆಯ ಅರ್ಧ ಕಪ್ಪಗಾಗಿತ್ತು. ಉಳಿದರ್ಧ ಸಾಯಲೋ ಬದುಕಲೋ ಎಂದು ಯೋಚಿಸುತ್ತಿತ್ತು, ನೋಡನೋಡುತ್ತ ಸತ್ತೇ ಹೋಯಿತು.

ಇವತ್ತು ಸಂಜೆಯೊಳಗೆ ಮಕ್ಕಳ ಅಂಕಗಳನ್ನೆಲ್ಲ ಇಲಾಖೆಯ ಜಾಲತಾಣಕ್ಕೆ ಏರಿಸಬೇಕಿತ್ತು. ಏರಿಸದವರಿಗೆ ಈ ತಿಂಗಳ ಸಂಬಳ ಇಲ್ಲ. ಇಲಾಖೆ ಮೇಷ್ಟ್ರುಗಳಿಗೆ ಯಂತ್ರ ಕೊಟ್ಟಿರಲಿಲ್ಲ. ಯಂತ್ರದಲ್ಲಿ ಮಾಡಬೇಕಾದ ಕೆಲಸವನ್ನು ಮಾತ್ರ ಧಾರಾಳವಾಗಿ ಕೊಟ್ಟಿತ್ತು.

"ಒಳ್ಳೇದೇ ಆಯ್ತು ಬಿಡು," ಎಂದ ಹಿಂದಿನಿಂದ ಬಂದ ರೆನೇ ವಿಲ್ಕಾ. ಅದೇ ಶಾಲೆಯ ಗಣಿತದ ಮೇಷ್ಟ್ರು, ಬಾಸಿಲಿಯಾರ ಮನೆಯಲ್ಲೇ ಇನ್ನೊಂದು ಕೋಣೆಯ ಬಾಡಿಗೆದಾರ. ಕೇಳದಿದ್ದರೂ ಉತ್ತರ ಹೇಳುವುದು ಅವನ ಚಾಳಿ. "ಆ ಹೆಣ ಹೊತ್ತೂ ಹೊತ್ತೂ ನಿನ್ನ ಬಲಗಡೆ ಹೆಗಲು ಎಡಗಡೇಗಿಂತ ಗೇಣು ಕೆಳಗಿದೆ. ಹೊಸದು ತಗೋ. ನಾನೂ ಬರ್ತೀನಿ."

"ನಾನೂ ಬರ್ತೀನಿ," ಎಂದು ಬಾಸಿಲಿಯಾ ಆಲೂಗಡ್ಡೆಗೆ ಗೋಣಿ ಹೊದಿಸಿದರು. "ನಿಮ್ಮಿಬ್ರನ್ನೇ ಕಳಿಸಿದ್ರೆ ಅಂಗಡಿಯೋಳು ಟೊಪ್ಪಿ ಹಾಕ್ತಾಳೆ."

ಕೆಳಪೇಟೆಯಲ್ಲಿ ಯೋಲಾಳ ಅಂಗಡಿ. ಅವಳು ತೆಳ್ಳಗಿನ ಬೂದುಬಣ್ಣದ ಒಂದನ್ನು ಬೆರಳತುದಿಯಲ್ಲಿ ಎತ್ತಿ ಹಿಡಿದಳು. "ನೋಡಿ ಕಾಸೆರಿತೊ, ನನ್ನ ಚಿನ್ನದಂಥ ಗಿರಾಕಿ! ಒಂದು ಕಿಲೋನೂ ಇಲ್ಲ. ಹಿಡೀರಿ, ಹಿಡೀರಿ."

ಎಲೋಯ್ ಹಿಡಿದ. ಕಂಕುಳಲ್ಲಿಟ್ಟು ಅಂಗಡಿಯೊಳಗೇ ನಾಲ್ಕು ಹೆಜ್ಜೆ ನಡೆದ. ವರ್ಷಗಟ್ಟಲೆ ಕತ್ತೆಯಂತೆ ದುಡಿದಿದ್ದ ಹೆಗಲಿಗೆ ತಾನೂ ಮನುಷ್ಯನ ಅಂಗವೆಂದು ನೆನಪಾಯಿತು.

"ಎತ್ತೋದೇನೋ ಸರಿ, ಪೆನ್‌ಡ್ರೈವ್ ಎಲ್ಲಿ ಚುಚ್ತೀಯ?" ಎಂದ ರೆನೇ. "ಇರೋದೇ ಎರಡು ತೂತು, ಅದೂ ಇರುವೆ ಗೂಡಿನ ಬಾಯಿ ಥರ. ಸೀಡಿ ಹಾಕೋಕೆ ಜಾಗ ಇಲ್ಲ. ಮೆಮೊರಿನ ಬೆಸುಗೆ ಹಾಕ್ಬಿಟ್ಟಿದಾರೆ, ನಾಳೆ ಸಾಲ್ದು ಅಂದ್ರೆ ಏನೂ ಮಾಡೋ ಹಾಗಿಲ್ಲ. ಫ್ಯಾನೇ ಇಲ್ಲ!"

"ಫ್ಯಾನ್ ಇಲ್ದಿದ್ರೆ ಸದ್ದೂ ಇಲ್ಲ," ಎಂದಳು ಯೋಲಾ. "ಈ ಊರ ಚಳೀಲಿ ಫ್ಯಾನ್ ಯಾರಿಗೆ ಬೇಕು? ತೊಡೆ ಬೆಚ್ಚಗಿರುತ್ತೆ. ಒಂದ್ಸಲ ಚಾರ್ಜ್ ಮಾಡಿದ್ರೆ ಸಂಜೆವರೆಗೂ ನಡೆಯುತ್ತೆ."

"ಅದೇ ದುಡ್ಡಿಗೆ ಆ ದಪ್ಪಂದು ತಗೋ ಎಲೋಯ್. ಎರಡರಷ್ಟು ಜಾಗ, ಎಲ್ಲಾ ತೂತೂ ಇದೆ, ಕೆಟ್ರೆ ಬಿಚ್ಚಬಹುದು."

"ಹೊರೋದು ಯಾರು, ನೀನಾ?" ಎಂದ ಎಲೋಯ್.

ತೀರ್ಪು ಕೊಟ್ಟವರು ಬಾಸಿಲಿಯಾ. "ಆಲೂಗಡ್ಡೇನ ಹಿಮದಲ್ಲಿಟ್ಟು, ತುಳಿದು, ನೀರು ತೆಗೆದು ಒಣಗಿಸಿದ್ರೆ ಚುನ್ಯೊ ಆಗುತ್ತೆ. ತೂಕ ಹೋಗುತ್ತೆ, ಆಯಸ್ಸು ಬರುತ್ತೆ. ನಮ್ಮಜ್ಜಿ ಒಣಗಿಸಿಟ್ಟಿದ್ದನ್ನ ನನ್ನ ಮದುವೇಲಿ ಬೇಯ್ಸಿದ್ವಿ. ಹಗುರ ಆಗಿದ್ದೇ ಬಾಳೋದು, ಪ್ರೊಫೆ."

"ಲ್ಯಾಪ್‌ಟಾಪನ್ನ ಯಾರೂ ತುಳಿದಿಲ್ಲ, ದೋನ್ಯಾ," ಎಂದ ರೆನೇ.

"ಮಾಡ್ದೋರನ್ನ ತುಳಿದಿರ್ತಾರೆ ಬಿಡಪ್ಪ."

ವರ್ಷಾಂತ್ಯದ ಬೋನಸ್ಸು ಯೋಲಾಳ ಗಲ್ಲಾ ಸೇರಿತು. ಬಾಸಿಲಿಯಾ ಕೊಸರು ಕೇಳಿ ಜಗಳವಾಡಿ, ಪರದೆ ಒರೆಸುವ ಬಟ್ಟೆ ಕಿತ್ತುಕೊಂಡರು.

ಎಲೋಯ್‌ಗೆ ಅಲ್ಲಿಂದ ನೇರ ಶಾಲೆಗೆ ಹೋಗುವ ಆಸೆ. ಬಾಸಿಲಿಯಾ ಬಿಡಬೇಕಲ್ಲ! ಇವತ್ತು ತಿಂಗಳ ಮೊದಲ ಶುಕ್ರವಾರ. ಹೊಸ ಸಾಮಾನನ್ನು ಅಂಗಳದಲ್ಲಿಟ್ಟು, ಭೂತಾಯಿ ಪಾಚಮಾಮಾಳ ಹೆಸರಲ್ಲಿ ಬಿಯರು ಸುರಿದು, ಬಣ್ಣದ ಕಾಗದ ಚೆಲ್ಲದೆ ಅದರ ಗುಂಡಿ ಒತ್ತುವುದುಂಟೆ? ಮೂವರೂ ಏದುಸಿರು ಬಿಡುತ್ತ ಗುಡ್ಡದ ತುದಿಯ ಮನೆಗೆ ಹತ್ತಿದರು. ಪಕ್ಕದ ಕೋಣೆಯ ದರ್ಜಿ ದೋನ್ ಕಾಸ್ತೊ ಆಗಲೇ ಕಾಗದದ ಚೂರು ಹಿಡಿದು ನಿಂತಿದ್ದ. ಬಾಸಿಲಿಯಾ ಬಾಟಲಿಯ ಮುಚ್ಚಳ ಹಾರಿಸಿದರು.

"ಬೇಡ್ರೀ!" ಎಲೋಯ್ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡ. "ಒಂದು ಹನಿ ಒಳಗೆ ಹೋದ್ರೂ ಮುಗೀತು! ನನ್ನ ಸಂಬಳ ಇದರೊಳಗಿದೆ!"

"ಹಳೇದಕ್ಕೂ ಬಾಟಲಿಗಟ್ಟಲೆ ಕುಡಿಸಿದ್ವಿ. ಎಷ್ಟು ವರ್ಷ ಬಾಳ್ತು!"

"ಅದಕ್ಕೆ ಹೊಟ್ಟೆ ಇತ್ತು ದೋನ್ಯಾ," ಎಂದ ರೆನೇ. "ಇದಕ್ಕೆ ಇರೋದು ಬರೀ ಚರ್ಮ."

"ಕುಡಿಸದ ಸಾಮಾನು ಒಳಗೆ ಬಂದ್ರೆ ನನ್ನ ಛಾವಣಿ ಸೋರುತ್ತೆ!"

"ನಿಮ್ಮ ಛಾವಣಿ ಹೋದ ವರ್ಷದಿಂದ ಸೋರ್ತಾನೇ ಇದೆ!"

"ನೋಡಿದ್ರಾ! ಹೋದ ವರ್ಷ ನೀವು ಇಸ್ತ್ರಿಪೆಟ್ಟಿಗೆ ತಂದ್ರಿ, ಕುಡಿಸ್ಲಿಲ್ಲ!"

ಬಾಟಲಿ ವಾಲಿತು. ನೊರೆ ಕತ್ತಿನವರೆಗೆ ಬಂತು. ಗಾಬರಿಯಲ್ಲಿ ಎಲೋಯ್ ಬಾಯಿಗೆ ಬಂದದ್ದನ್ನು ಒದರಿಬಿಟ್ಟ: "ಇದಿನ್ನೂ ಹಸುಗೂಸು! ಧರ್ಮತಂದೆ, ಧರ್ಮತಾಯಿ ಇಲ್ಲದ ಕೂಸಿನ ತಲೆಗೆ ಯಾವ ಚರ್ಚಿನಲ್ಲಾದ್ರೂ ನೀರು ಹುಯ್ತಾರಾ? ಮೊದಲು ನೀವೇ ಆಗಿ!"

ಬಾಟಲಿ ನೆಟ್ಟಗಾಯಿತು. ದೋನ್ ಕಾಸ್ತೊ ಟೊಪ್ಪಿ ತೆಗೆದ. ಆ ಊರಲ್ಲಿ ಮದುವೆಯ ಕೇಕಿಗೆ, ಮಗಳ ಬೂಟಿಗೆ, ಫುಟ್‌ಬಾಲ್ ತಂಡದ ಅಂಗಿಗೆ ಕೂಡ ಧರ್ಮತಂದೆಯರಿರುತ್ತಾರೆ. ಆಗೆಂದು ಕೇಳಿದರೆ ಒಲ್ಲೆ ಎನ್ನುವ ಹಾಗಿಲ್ಲ. ಆದವರು ಉಡುಗೊರೆ ಕೊಡದೆ ಇರುವ ಹಾಗಿಲ್ಲ. ಪಡೆದವನು ಅದನ್ನು ಬಳಸದೆ ಇಟ್ಟರೆ ನೆಂಟಸ್ತಿಕೆಗೇ ಕಲ್ಲು ಹಾಕಿದ ಹಾಗೆ.

ಬಿಯರನ್ನು ನೆಲಕ್ಕಷ್ಟು, ತಮ್ಮ ಗಂಟಲಿಗಷ್ಟು ಹೊಯ್ದುಕೊಂಡು ಮೂವರೂ ಕೋಣೆಗಳಿಗೆ ಓಡಿದರು. ಗೆದ್ದೆನೆಂದು ಎಲೋಯ್ ಮೆಟ್ಟಿಲ ಮೇಲೆ ಕುಳಿತು ಬೆವರೊರೆಸಿಕೊಂಡ.

ಮೊದಲು ರೆನೇ ಬಂದ. ಸೀಡಿ ಹಾಕುವ ಪೆಟ್ಟಿಗೆ, ಜೊತೆಗೆ ಎಂಟು ಕಾಲಿನ ಜೇಡದಂಥ ತಂತಿಗಳ ಗಂಟು. "ತೂತಿಲ್ಲ ಅನ್ನೋ ಕೊರಗು ಇನ್ನಿಲ್ಲ!" ದೋನ್ ಕಾಸ್ತೊ ತಂದದ್ದು ಲಾಮಾ ಉಣ್ಣೆ ತುಂಬಿದ ದಿಂಬಿನಂಥ ಚೀಲ. ತೆಳ್ಳಗಿನದು ಬಾಗೀತೆಂದು ಎರಡೂ ಮಗ್ಗುಲಿಗೆ ಮರದ ಹಲಗೆ ಸೇರಿಸಿ ಹೊಲಿದಿದ್ದ. ಹಲಗೆಗಳು ಅವನ ಹಳೆಯ ಕಪಾಟಿನ ಬಾಗಿಲುಗಳು. ಕೊನೆಗೆ ಬಾಸಿಲಿಯಾ, ಹೆರಿಗೆ ನೋವಿನವರಂತೆ ನರಳುತ್ತ, ಫ್ರಿಜ್ಜಿನ ಸ್ಟೆಬಿಲೈಸರನ್ನು ಎತ್ತಿಕೊಂಡು ಬಂದರು. ಕಬ್ಬಿಣದ್ದು. "ನಮ್ಮನೆಯವರದ್ದು. ಅವ್ರು ಹೋದ್ರು, ಇದಿನ್ನೂ ಕರೆಂಟು ಕಾಯ್ತಿದೆ. ನಮ್ಮ ಕೂಸನ್ನೂ ಕಾಯ್ಲಿ."

"ಇಷ್ಟು ಬೆಲೆಬಾಳೋದನ್ನ ಬೀದಿಗೆ ಒಯ್ಯೋದಾ? ಮನೇಲೇ ಜೋಪಾನವಾಗಿ ಇಟ್ಟು..." ಎಂದು ಎಲೋಯ್ ತೊದಲಿದ.

"ಕಂಪಾದ್ರೆ!" ಎಂದರು ಮೂವರೂ ಒಟ್ಟಿಗೆ. ಕೂಸಿನ ಧರ್ಮತಂದೆ-ತಾಯಿಯರು ಅದರ ಅಪ್ಪನನ್ನು ಕರೆಯುವ ಮಾತದು; ಬೀಗರಿಗೆ ಬೀಗರು ನೊಂದು ಹೇಳುವ ದನಿ.

ಎಲ್ಲವನ್ನೂ ಪಟ್ಟೆಪಟ್ಟೆಯ ದುಪ್ಪಟಿಯಲ್ಲಿ ಗಂಟು ಕಟ್ಟಿ ಅವನ ಬೆನ್ನಿಗೇರಿಸಿದರು. ಮೇಷ್ಟ್ರು ಮುಂದೆ, ನೆಂಟರು ಹಿಂದೆ, ಮೆರವಣಿಗೆ ಶಾಲೆಯತ್ತ ಇಳಿಯಿತು.

"ಏನ್ ಪ್ರೊಫೆ, ಮನೆ ಖಾಲಿ ಮಾಡ್ತಿದೀರಾ?" ಎಂದು ದಾರಿಹೋಕನೊಬ್ಬ ಕೇಳಿದ.

"ತೆಳು ಲ್ಯಾಪ್‌ಟಾಪು," ಎಂದರು ಬಾಸಿಲಿಯಾ ಹೆಮ್ಮೆಯಿಂದ. "ಒಂದು ಕಿಲೋನೂ ಇಲ್ಲ."

ಶಾಲೆಯಲ್ಲಿ ಇಂಟರ್ನೆಟ್ಟು ಸಿಗುವುದು ಮುಖ್ಯೋಪಾಧ್ಯಾಯಿನಿ ಎಲ್ಸಾ ಉರ್ಕಿದಿಯವರ ಕೋಣೆಯಲ್ಲಿ ಮಾತ್ರ. ಎಲೋಯ್ ಕುಳಿತು ಅಂಕ ತುಂಬಿದ. ಯಂತ್ರ ಎಣ್ಣೆ ಹಚ್ಚಿದ ಹಾಗೆ ಓಡಿತು. ಕೊನೆಯ ಗುಂಡಿ ಒತ್ತಿದಾಗ ಪರದೆಯಲ್ಲಿ ಹಸಿರು ಗುರುತು ಮೂಡಿತು. ಸಂಬಳ ಉಳಿಯಿತು! ಬೆಳಗಿನಿಂದ ಮೊದಲ ಸಲ ಅವನು ನಕ್ಕ.

ಬಾಗಿಲಲ್ಲಿ ನಿಂತ ನೆಂಟರಿಂದ ಕಥೆಯೆಲ್ಲ ಕೇಳಿದ್ದ ಎಲ್ಸಾ ಮಾತ್ರ ನಗಲಿಲ್ಲ. "ನೆಂಟಸ್ತಿಕೆಗೆ ರೆನೇನ ಕರೆದ್ರಿ, ತರಕಾರಿಯೋರನ್ನ ಕರೆದ್ರಿ, ದರ್ಜೀನ ಕರೆದ್ರಿ. ನಾನೇ ನಿಮಗೆ ಹೊರಗಿನವಳು, ಅಲ್ವಾ ಪ್ರೊಫೆಸೋರ್?"

ಮುಖ್ಯಸ್ಥರ ಮುನಿಸು ಆಲಿಕಲ್ಲು ಮಳೆಗಿಂತ ಕೆಟ್ಟದ್ದು. "ಛೆ, ಛೆ, ಮೇಡಂ! ತಾವೂ ಧರ್ಮತಾಯಿ ಆಗ್ಲೇಬೇಕು," ಎಂದ ಎಲೋಯ್. ಏನು ಕೊಟ್ಟಾರು, ಹೆಚ್ಚೆಂದರೆ ಒಂದು ಮೌಸು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಎಲ್ಸಾರ ಕಣ್ಣು ತೇವವಾಯಿತು. ಎದ್ದು ಬೀರು ತೆರೆದು ಅಂಕದ ಪುಸ್ತಕಗಳ ರಾಶಿಯನ್ನು ತಬ್ಬಿಕೊಂಡು ತಂದರು. "ಲ್ಯಾಪ್‌ಟಾಪ್ ಕೊಳ್ಳೋಕಾಗದ ಮೇಷ್ಟ್ರುಗಳೆಲ್ಲರದ್ದು. ಪ್ರತಿ ಸಲ ನಾನೊಬ್ಬಳೇ ಏರಿಸ್ತಿದ್ದೆ. ಪರರ ಕೈಗೆ ಕೊಡೋಕೆ ಮನಸ್ಸು ಬರ್ತಿರ್ಲಿಲ್ಲ. ಇನ್ಮೇಲೆ ನೀವು ಮನೆಯವರಾದ್ರಿ, ಕಂಪಾದ್ರೆ. ಪ್ರತಿ ಪರೀಕ್ಷೇಲೂ ನೀವೇ. ಮನೆಗೆ ಒಯ್ದು ನಿಧಾನವಾಗಿ ಯಂತ್ರಕ್ಕೆ ತುಂಬ್ಕೊಂಡು ಬನ್ನಿ, ಇಲ್ಲಿ ಕೂತು ಕಳಿಸಿದ್ರಾಯ್ತು."

"ನಿಧಾನವಾಗಾ? ಗಡುವು ಇವತ್ತೇ ಸಂಜೆ ಅಲ್ವಾ ಮೇಡಂ?"

"ಅಯ್ಯೋ, ಹದಿನೈದು ದಿನ ಮುಂದಕ್ಕೆ ಹಾಕಿದಾರೆ! ಬೆಳಗ್ಗೇನೇ ಸುತ್ತೋಲೆ ಬಂತು. ಹೇಳೋಣ ಅಂದ್ರೆ ನೀವು ಅಂಗಡಿಗೆ ಹೋಗಿದ್ರಿ."

ಗುಡ್ಡ ಹತ್ತುವಾಗ ಎಲೋಯ್‌ನ ಬೆನ್ನ ಮೇಲೆ ಸ್ಟೆಬಿಲೈಸರು, ಕಪಾಟಿನ ಬಾಗಿಲು, ಜೇಡ, ಅದರ ಮೇಲೆ ಇಡೀ ಶಾಲೆ. ಗಾಳಿ ತೆಳ್ಳಗಿತ್ತು, ಉಸಿರು ಅದಕ್ಕಿಂತ ತೆಳ್ಳಗೆ. ಅರ್ಧ ದಾರಿಯಲ್ಲಿ ಅವನು ಗೋಡೆ ಹಿಡಿದು ನಿಂತದ್ದನ್ನು ಕಂಡು ನೆಂಟರಿಗೆ ಕರುಳು ಚುರ್ರೆಂದಿತು.

"ಪಾಪ, ಒಬ್ರೇ ಎಷ್ಟಂತ ಹೊರ್ತೀರಿ? ನಾವಿಲ್ವಾ?" ಎನ್ನುತ್ತ ಬಾಸಿಲಿಯಾ ಗಂಟಿನೊಳಗೆ ಕೈ ಹಾಕಿ ಲ್ಯಾಪ್‌ಟಾಪನ್ನು ಸೆಳೆದುಕೊಂಡರು. ಅದನ್ನು ಬೀಸಣಿಗೆಯಂತೆ ಬೀಸಿಕೊಳ್ಳುತ್ತ ಸರಸರನೆ ಮುಂದೆ ನಡೆದು, ಮೇಲಿನ ತಿರುವಿನಲ್ಲಿ ನಿಂತು ಕೂಗಿ ಹೇಳಿದರು:

"ಹೂವಿನ ಹಾಗಿದೆ ಕಂಪಾದ್ರೆ! ಹಗುರದ್ದು ತಗೊಂಡು ಒಳ್ಳೇ ಕೆಲಸ ಮಾಡಿದ್ರಿ!"