ಮರೆಮ್ಮನ ಮನೆಯ ಚಹಾ

ತಪ್ಪೆಲ್ಲ ಆ ಚಹಾದ್ದು. ಅಥವಾ ಲೋಕನಾಥರದ್ದೇ ಅನ್ನಿ. ‘ಮರೆಮ್ಮನ ಮನೆಗೆ ಬರುವ ಭಾನುವಾರ ಹೋದರಾಯಿತು’ ಎಂದು ತಳ್ಳುತ್ತ ಬಂದವರು ಅವರೇ ತಾನೇ? ತಮ್ಮ ಅಮ್ಮನ ಹಳೆಯ ಕತೆಗಳನ್ನು ಕೇಳುವುದನ್ನೂ ಹೀಗೇ ತಳ್ಳಿದರು, ಕೊನೆಗೆ ಅಮ್ಮನೇ ಇಲ್ಲವಾದರು. ಆ ಕೊರಗಿಗೇ ಅವರು ಹೊರನಾಡಿನ ಕನ್ನಡ ಸಂಘದ ಪರವಾಗಿ ಹಿರಿಯರ ನೆನಪುಗಳನ್ನು ಮೊಬೈಲಿಗೆ ತುಂಬಿಕೊಳ್ಳುವ ಕೆಲಸ ಹಿಡಿದಿದ್ದರು.

ಸೀವುಡ್ಸಿನಲ್ಲಿ ಅವರಿರುವ ಕಟ್ಟಡ ಕಟ್ಟುವಾಗ ಸಿಮೆಂಟಿನ ಬುಟ್ಟಿ ಹೊತ್ತವಳು ರಾಯಚೂರಿನ ಮರೆಮ್ಮ. ಇವತ್ತು ಸಂಜೆಯ ಗಾಡಿಗೆ ಅವಳು ಊರಿಗೆ, ಇನ್ನು ವಾಪಸಿಲ್ಲ ಎಂದು ತಿಳಿದದ್ದೇ ಲೋಕನಾಥರು ಎದ್ದೆನೋ ಬಿದ್ದೆನೋ ಎಂದು ಕಳಂಬೋಲಿಯ ಅವಳ ಒಂದೇ ಕೋಣೆಯ ಖೋಲಿಗೆ ಓಡಿದರು.

‘ಶುರು ಮಾಡಿ ಮರೆಮ್ಮ,’ ಎಂದು ರೆಕಾರ್ಡಿಂಗ್ ಒತ್ತಿದರು.

‘ಮೊದ್ಲ ಚಾ ಕುಡೀರಿ. ಮನಿಗೆ ಬಂದವ್ರು ಬರೀ ಬಾಯಿಲೆ ಹೋಗಬಾರ್ದು,’ ಎಂದು ಮರೆಮ್ಮ ಅಡುಗೆಮೂಲೆಯ ಪರದೆಯಾಚೆ ನಡೆದಳು.

ಚಹಾ ಬಂತು. ವಾಸನೆ ಹಿಡಿದವನಂತೆ ಪಕ್ಕದ ಖೋಲಿಯ ರೇವಣಸಿದ್ದನೂ ಬಂದ, ಜೊತೆಗೆ ಹೆಂಡತಿ ಸುಲೋಚನಾ. ಮರೆಮ್ಮ ಮತ್ತೆ ಎದ್ದಳು. ಸುಲೋಚನಾ ನೆರವಿಗೆ ಒಳಹೋದಳು. ರೇವಣಸಿದ್ದ ಮೊಬೈಲನ್ನು ತನ್ನತ್ತ ತಿರುಗಿಸಿಕೊಂಡ.

‘ಆಕೀನ್ನೇನ್ ಕೇಳ್ತೀರಿ ಸಾಹೇಬ್ರ, ನಾ ಹೇಳ್ತೀನಿ!’

ಅವನು ಹೇಳಿದ್ದು ಸುಳ್ಳೆನ್ನಲು ಎದುರು ಖೋಲಿಯ ಬಾಲಪ್ಪ ಬಂದ. ಅವನಿಗೂ ಚಹಾ. ಇಬ್ಬರ ಜಗಳ ಬಿಡಿಸಲು ಅರ್ಧ ಓಣಿಯೇ ಬಂತು. ಅಷ್ಟು ಮಂದಿಗೂ ಚಹಾ!

ಲೋಕನಾಥರು ಪರದೆಯತ್ತ ಎದ್ದರೆ ರೇವಣಸಿದ್ದ ಭುಜ ಹಿಡಿದು ಕೂರಿಸಿದ. ‘ದೊಡ್ಡವ್ರು ನೀವು, ಅಡಗಿಮನಿಗ್ಯಾಕ ಹೋಗ್ತೀರಿ? ನಮ್ ಮರ್ಯಾದಿ ಏನಾಗ್ಬೇಕು!’

‘ಮರೆಮ್ಮನನ್ನು ಒಂದು ಗಳಿಗೆ ಕೂತುಕೊಳ್ಳಲಿಕ್ಕೆ ಬಿಡಿ ಮಾರಾಯ್ರೆ!’ ಎಂದು ಲೋಕನಾಥರು ಗೋಗರೆದರು.

ಅಷ್ಟರಲ್ಲಿ ರಿಕ್ಷಾ ಬಂದೇಬಿಟ್ಟಿತು. ಮರೆಮ್ಮ ಗಂಟು ಎತ್ತಿಕೊಂಡು ಕೈಮುಗಿದಳು. ‘ಸಕ್ರಿ ಸರಿ ಇತ್ತಿಲ್ರಿ ಸಾಹೇಬ್ರ?’

ಓಣಿಯೆಲ್ಲ ಅವಳನ್ನು ಕಳಿಸಲು ರಿಕ್ಷಾದ ಹಿಂದೆ ನಡೆಯಿತು. ಮೊಬೈಲಿನಲ್ಲಿ ಉಳಿದ ಅವಳ ಮಾತೆಂದರೆ ಚಹಾದ್ದು, ಸಕ್ಕರೆಯದ್ದು. ಲೋಕನಾಥರ ಕಣ್ಣು ತುಂಬಿತು. ಅಮ್ಮನನ್ನು ಎರಡನೇ ಸಲ ಕಳೆದುಕೊಂಡ ಹಾಗಾಯಿತು ಅವರಿಗೆ.

ಒಳಗೆ ಲೋಟ ತೊಳೆಯುತ್ತಿದ್ದ ಸುಲೋಚನಾ ಕಣ್ಣೊರೆಸಿಕೊಳ್ಳುತ್ತ ಬಂದಳು. ‘ಎಂಥಾ ಬಾಳ್ವೆರೀ ಆಕೀದು! ಚಾ ಕುದಿಯೋತನ ಎಲ್ಲಾ ಹೇಳಿದ್ಲು. ಬೆನ್ನಿಗೆ ಕೂಸು ಕಟ್ಕೊಂಡು ಬುಟ್ಟಿ ಹೊತ್ತದ್ದು, ಆ ಕೂಸು ಮುಂದ... ಅಯ್ಯ, ನೆನಸಿದ್ರ ಹೊಟ್ಟಿ ಉರೀತದ.’

ಲೋಕನಾಥರಿಗೆ ಹೋದ ಜೀವ ಬಂದಂತಾಯಿತು. ‘ನೀವಾದರೂ ಹೇಳಿ ತಾಯಿ! ಒಂದೂ ಬಿಡಬೇಡಿ!’

‘ಹೇಳ್ತೀನ್ರಿ, ಯಾಕ ಹೇಳಂಗಿಲ್ಲ? ನಮ್ಮನಿಗೆ ನಡೀರಿ. ಮೊದ್ಲ ಚಾ ಇಡ್ತೀನಿ.’

ಪಕ್ಕದ ತನ್ನ ಖೋಲಿಗೆ ಅವರನ್ನು ಕರೆತಂದು ಅವಳು ಒಳಹೋದಳು. ರಿಕ್ಷಾ ಕಳಿಸಿ ಬಂದ ರೇವಣಸಿದ್ದ ಚಪ್ಪಲಿ ಬಿಟ್ಟು, ಲೋಕನಾಥರ ಮೊಬೈಲನ್ನು ಮತ್ತೆ ತನ್ನತ್ತ ತಿರುಗಿಸಿಕೊಂಡ.

‘ಕೂಡ್ರಿ ಸಾಹೇಬ್ರ. ಆಕೀನ್ನೇನ್ ಕೇಳ್ತೀರಿ, ನಾ ಹೇಳ್ತೀನಿ!’